ಮನೆ ಕೊಂಬೆ, ದೋಣಿ ಕೊಂಬೆ

ಮತ್ಸ್ಯಸಿರಿ ದೋಣಿಯನ್ನು ಗಂಗೊಳ್ಳಿ ಬಂದರಿನ ದಂಡೆಗೆ ಎಳೆದು ಮರದ ದಿಮ್ಮಿಗಳ ಮೇಲೆ ಕೂರಿಸಿ ವಾರ ಕಳೆದಿತ್ತು. ಎಂಜಿನ್ ಬಿಚ್ಚಿ ಶೆಡ್ಡಿಗೆ ಒಯ್ದಿದ್ದರು, ಅಡಿಗೆ ಹಸಿರು ಬಣ್ಣ ಬಳಿಯುತ್ತಿದ್ದರು. ಇಂಥ ದೋಣಿ ಅಂದು ಬೆಳಿಗ್ಗೆ ಅರವತ್ತು ಮೈಲಿ ಆಚೆ, ನಡುಗಡಲಲ್ಲಿ, ಟ್ಯಾಂಕ್ ತುಂಬ ಡೀಸೆಲ್ ಹಾಕಿಸಿಕೊಂಡು ಸಹಿ ಮಾಡಿ ಹೋಯಿತೆಂದು ಹವಳ ಜಾಲದ ಕಂಟ್ರೋಲ್ ರೂಮಿನ ಪರದೆ ಹೇಳಿತು.

ತಾರಿಣಿ ಕಾಂಚನ್ ಕಿಟಕಿಯಿಂದ ಹೊರಗೆ ನೋಡಿದಳು. ಮತ್ಸ್ಯಸಿರಿ ಅಲ್ಲೇ ಇತ್ತು. ಅದರ ನೆರಳಿನಲ್ಲಿ ಎರಡು ನಾಯಿ ಮಲಗಿದ್ದವು.

"ಏನ್ರೀ ಇದು ತಾರಿಣಿಯವ್ರ! ದಂಡಿ ಮ್ಯಾಲ ಕುಂತ ದೋಣಿ ಸಮುದ್ರದಾಗ ಎಣ್ಣಿ ಹಾಕಿಸಿಕೊಂಡೈತಿ. ದೆವ್ವ ಬಡದೈತೇನು?" ಎಂದರು ಈರಣ್ಣ ಕುಲಗೋಡ. ಜಾಲದ ನಿರ್ದೇಶಕರು, ಬೆಳಗಾವಿ ಕಡೆಯವರು. ಗಂಗೊಳ್ಳಿಗೆ ಬಂದು ಹತ್ತು ವರ್ಷವಾದರೂ ಮೀನು ಬಾಯಿಗೆ ಹಾಕಿದವರಲ್ಲ, ಆದರೆ ಮೀನುಗಾರರ ಹಣವನ್ನು ತಮ್ಮ ಕಣ್ಣಿನಷ್ಟು ಜೋಪಾನ ಮಾಡಿದವರು.

ಹವಳ ಎಂದರೆ ಕರಾವಳಿಯ ದೋಣಿ ಸಂಘಗಳೆಲ್ಲ ಸೇರಿ ಕಟ್ಟಿಕೊಂಡ ಡಿಜಿಟಲ್ ಹಣ. ನಡುವೆ ಬ್ಯಾಂಕಿಲ್ಲ, ಮ್ಯಾನೇಜರಿಲ್ಲ. ಪ್ರತಿ ಬಂದರಿನ ಕಂಪ್ಯೂಟರಿನಲ್ಲೂ ಅದೇ ಲೆಕ್ಕ ಇರುತ್ತದೆ. ಯಾರ ಕಾರ್ಡು ಸರಿಯಾದ ಸಹಿ ಹಾಕುತ್ತದೋ ಹಣ ಅವರದ್ದು, ಅಷ್ಟೇ ಕಾನೂನು. ನಡುಗಡಲಲ್ಲಿ ಆಳಿಲ್ಲದೆ ತೇಲುತ್ತಿದ್ದ ಡೀಸೆಲ್ ಬಂಕುಗಳಿಗಂತೂ ಅದೊಂದೇ ಭಾಷೆ ಗೊತ್ತು. ಅವಕ್ಕೆ ಮುಖದ ಪರಿಚಯವಿಲ್ಲ, ಸಾಲ ಗೊತ್ತಿಲ್ಲ, ಕೈಮುಗಿದರೆ ಕರಗುವುದಿಲ್ಲ. ಸಹಿ ಸರಿಯಿದ್ದರೆ ಪೈಪು ತೆರೆಯುತ್ತವೆ, ಇಲ್ಲದಿದ್ದರೆ ಇಲ್ಲ.

ಹಳೆಯ ಸಹಿ ಪದ್ಧತಿಗೆ ಹೋದ ತಿಂಗಳಷ್ಟೇ ಬೀಗ ಬಿದ್ದಿತ್ತು. ಹೊರದೇಶಗಳಲ್ಲಿ ಕ್ವಾಂಟಮ್ ಯಂತ್ರಗಳು ಬಲಿತು, ಹಳೆಯ ಸಹಿಯ ಬಹಿರಂಗ ಭಾಗವನ್ನು ನೋಡಿಯೇ ಒಳಗಿನ ಗುಟ್ಟನ್ನು ಕಕ್ಕಿಸಬಲ್ಲವಾಗಿದ್ದವು. ಹಾಗಾಗಿ ತಾರಿಣಿ ಮತ್ತು ಅವಳ ತಂಡ ಎರಡು ವರ್ಷ ಬೆವರು ಸುರಿಸಿ 'ಸಹಿಮರ' ಎಂಬ ಹೊಸ ಪದ್ಧತಿ ತಂದಿದ್ದರು. ಪ್ರತಿ ಕಾರ್ಡಿನೊಳಗೂ ಒಂದು ಗಣಿತದ ಮರ. ಅದರ ತುಂಬ ಲಕ್ಷಗಟ್ಟಲೆ ಎಲೆ. ಒಂದು ಪಾವತಿಗೆ ಒಂದು ಎಲೆ ಕಿತ್ತು ಸಹಿ ಹಾಕಬೇಕು, ಆ ಎಲೆಯನ್ನು ಮತ್ತೆ ಮುಟ್ಟಬಾರದು. ಏಕೆಂದರೆ ಸಹಿ ಹಾಕುವಾಗ ಎಲೆ ತನ್ನ ಗುಟ್ಟಿನ ಒಂದು ಭಾಗವನ್ನು ಬಿಟ್ಟುಕೊಡುತ್ತದೆ. ಒಂದು ಸಲವಾದರೆ ಅಪಾಯವಿಲ್ಲ. ಅದೇ ಎಲೆಯಿಂದ ಇನ್ನೊಂದು ಸಹಿ ಹಾಕಿದರೆ ಮತ್ತಷ್ಟು ಗುಟ್ಟು ಹೊರಬೀಳುತ್ತದೆ, ಎರಡನ್ನೂ ಜೋಡಿಸಿ ಕಳ್ಳ ಮೂರನೆಯ ಸಹಿ ಹೊಲಿದುಕೊಳ್ಳಬಹುದು. ಇದಕ್ಕಿಂತ ಸಲೀಸಾದ ಪದ್ಧತಿಗಳೂ ಇದ್ದವು. ಆದರೆ ಅವುಗಳ ಸಹಿ ಆನೆ ಗಾತ್ರದ್ದು, ಕಡಲಿನ ಬಡಕಲು ರೇಡಿಯೋ ಸಂಪರ್ಕದಲ್ಲಿ ತೂರುತ್ತಿರಲಿಲ್ಲ. ಸಹಿಮರದ ಸಹಿ ತೂರುತ್ತಿತ್ತು.

ಈಗ ನೋಡಿದರೆ ಮರಕ್ಕೇ ಹುಳ ಬಿದ್ದಂತಿತ್ತು.

"ಇದೊಂದಽ ಅಲ್ಲ," ಕುಲಗೋಡ ಪರದೆ ಸರಿಸಿದರು. "ಇನ್ನೂ ಒಂದಿಷ್ಟು ದೋಣಿ ಹೆಸರಿನ್ಯಾಗ ಎಣ್ಣಿ ಹೋಗೇತಿ. ತೆಂಕಣ ಬಂಕು ಅರ್ಧ ಖಾಲಿ. ಯಾವನೋ ದೊಡ್ಡ ಹಡಗ ತಂದು ಹೀರಾಕತ್ತಾನ. ಕೋಸ್ಟ್ ಗಾರ್ಡಿಗೆ ಹೇಳೇನಿ, ಅವರು ಮುಟ್ಟಬೇಕಂದ್ರ ಸಂಜಿ ಆಗತೈತಿ. ನಾ ಬಂಕು ಎಲ್ಲಾ ಬಂದ್ ಮಾಡ್ತೇನಿ."

"ಬಂದ್ ಮಾಡಿದ್ರೆ ನಮ್ಮ ದೋಣಿಗಳು?" ತಾರಿಣಿ ಕೇಳಿದಳು.

ನೈಋತ್ಯದಲ್ಲಿ ಚಂಡಮಾರುತ ಎದ್ದಿದೆ, ಎಲ್ಲ ದೋಣಿಗಳೂ ದಡಕ್ಕೆ ಬರಬೇಕೆಂದು ಮುಂಜಾನೆಯೇ ಸಾರಿದ್ದರು. ದೂರ ಹೋದವರಲ್ಲಿ ಬಹಳ ಮಂದಿಗೆ ವಾಪಸು ಬರುವಷ್ಟು ಡೀಸೆಲ್ ಇರಲಿಲ್ಲ, ಬಂಕನ್ನೇ ನಂಬಿ ಹೋದವರು. ಅವರಲ್ಲಿ ಜಲರಾಣಿಯೂ ಒಂದು. ಅದರ ತಂಡೇಲ, ಎಂದರೆ ದೋಣಿ ನಡೆಸುವ ಮುಖ್ಯಸ್ಥ, ತಾರಿಣಿಯ ತಮ್ಮ ದಾಮು. ಬಂಕು ಮುಚ್ಚಿದರೆ ದಾಮುವಿಗೆ ಡೀಸೆಲ್ ಇಲ್ಲ. ತೆರೆದಿಟ್ಟರೆ ಅವನು ತಲುಪುವಷ್ಟರಲ್ಲಿ ಕಳ್ಳರು ಆ ಬಂಕನ್ನೂ ನೆಕ್ಕಿ ಮುಗಿಸಿರುತ್ತಾರೆ.

"ಮಧ್ಯಾಹ್ನದ ತನಕ ಸಮಯ ಕೊಡಿ ಸರ್. ಗಣಿತ ಮುರಿದಿಲ್ಲ. ಮುರಿದಿದ್ದರೆ ಕಳ್ಳ ಡೀಸೆಲ್ ಕದಿಯುತ್ತ ಕೂರುತ್ತಿರಲಿಲ್ಲ, ಇಡೀ ಜಾಲವನ್ನೇ ಗುಡಿಸಿಕೊಂಡು ಹೋಗುತ್ತಿದ್ದ. ಕೆಲವೇ ದೋಣಿಗಳು ಯಾಕೆ, ಅದನ್ನು ಹುಡುಕಬೇಕು."

ಅವಳು ಕದ್ದ ಸಹಿಗಳನ್ನು ಒಂದೊಂದಾಗಿ ಬಿಚ್ಚಿದಳು. ಎಲ್ಲದರಲ್ಲೂ ಒಂದೇ ಕಥೆ. ಕಳ್ಳ ಬಳಸಿದ್ದೆಲ್ಲ ಆ ಕಾರ್ಡುಗಳ ಮೊದಮೊದಲ ಎಲೆಗಳು, ಅವೂ ಈಗಾಗಲೇ ಎರಡೆರಡು ಬಾರಿ ಬಳಕೆಯಾದವು. ಬಂದರಿನ ಕಂಪ್ಯೂಟರುಗಳು ಎರಡನೆಯದನ್ನು ತಿರಸ್ಕರಿಸಿದ್ದವು, ನಿಜ. ಆದರೆ ರೇಡಿಯೋದಲ್ಲಿ ಚಿಕ್ಕ ಆಜ್ಞೆಗಳನ್ನಷ್ಟೇ ಕೇಳಿ, ದಡದ ಪೂರ್ತಿ ಲೆಕ್ಕವನ್ನು ದಿನಕ್ಕೊಮ್ಮೆ ಮಾತ್ರ ಪಡೆಯುವ ಬಂಕುಗಳಿಗೆ ಯಾವ ಎಲೆ ಮುಗಿದಿದೆ ಎಂಬುದು ಹೇಗೆ ಗೊತ್ತಾಗಬೇಕು? ಕಳ್ಳ ಅಲ್ಲೇ ಕೈಹಾಕಿದ್ದ. ಅದೇನೋ ಸರಿ, ಒಂದೇ ಕಾರ್ಡು ಒಂದೇ ಎಲೆಯನ್ನು ಎರಡು ಸಲ ಯಾಕೆ ಕೀಳಬೇಕು? ಕಾರ್ಡು ಎಣಿಕೆ ತಪ್ಪುವುದಿಲ್ಲ. ಅವಳೇ ಸಾವಿರ ಸಲ ಪರೀಕ್ಷೆ ಮಾಡಿದ್ದಳು.

ಆಗ ಮೊಬೈಲು ಹೊಡೆದುಕೊಂಡಿತು. ಅಮ್ಮ.

"ಹೆಣೆ, ನಿನ್ ಹೊಸ ಕಾರ್ಡ್ ಒಂಚೂರು ಲಾಯ್ಕಿಲ್ಲೆ. ಬೆಳಿಗ್ಗೆ ಐಸಿಗೆ ದುಡ್ಡ್ ಕೊಡುಕ್ ಹೋರೆ ಆತಿಲ್ಲೆ ಅಂತ್. ಮತ್ತೊಂದ್ಸಲ ಒತ್ತ್ರೆ ಆಯ್ತ್. ಇದಕ್ಕೆ ಎಂತ ಸೊಕ್ಕ್ ಮಾರಾಯ್ತಿ?"

ಅಮ್ಮನ ಹೆಸರಿನಲ್ಲಿ ಕಾರ್ಡೇ ಇರಲಿಲ್ಲ.

"ಅಮ್ಮ, ಯಾವ ಕಾರ್ಡ್?"

"ಯಾವ್ದ್ ಅಂದ್ರೆ? ಜಲರಾಣಿದ್."

ಮನೆ ಬಂದರಿಗೆ ಕೂಗಳತೆಯಲ್ಲಿತ್ತು. ತಾರಿಣಿ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿದಳು. ಅಮ್ಮ ಪದ್ದಕ್ಕ ಜಗುಲಿಯಲ್ಲಿ ಕೂತು ಮಾರಿ ಉಳಿದ ಬಂಗುಡೆ ಹೆಚ್ಚುತ್ತಿದ್ದಳು. ಅರವತ್ತೆಂಟರ ವಯಸ್ಸಿನಲ್ಲೂ ದಿನವೂ ಕುಂದಾಪುರದ ಮಾರುಕಟ್ಟೆಗೆ ಬುಟ್ಟಿ ಹೊರುವ ಹೆಂಗಸು. ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿ, ದೇವರ ಪಟಕ್ಕೆ ತಾಗಿಕೊಂಡು, ನೀಲಿ ಕಾರ್ಡೊಂದು ನೇತಾಡುತ್ತಿತ್ತು.

"ದಾಮು ಕಾರ್ಡ್ ಅವ್ನತ್ರವೇ ಇತ್ತಲ್ದಾ? ಇದೆಲ್ಲಿಂದ ಬಂತ್?"

"ಇದ್ ಜೋಡಿ," ಎಂದಳು ಪದ್ದಕ್ಕ, ಇಷ್ಟು ದೊಡ್ಡ ಎಂಜಿನಿಯರಿಗೆ ಇದೂ ಗೊತ್ತಿಲ್ಲವೇ ಎಂಬ ಮುಖ ಮಾಡಿ. "ದೋಣಿ ಯಾರ್ದ್? ನನ್ ಮನೆದ್ದಲ್ದಾ? ಜೋಡಿ ಮನೇಲಿಲ್ದೆ ದೋಣಿ ಕಡಲಿಗಿಳಿತ್ತಾ? ಮೊಬೈಲಂಗಡಿ ಹೈದ ಮಾಡಿ ಕೊಟ್ಟ. ಎಲ್ಲರೂ ಮಾಡ್ಸಿರ್. ಮತ್ಸ್ಯಸಿರಿ ಗುಲಾಬಿನೂ ಮಾಡ್ಸಿತ್."

ತಾರಿಣಿ ಬಾಗಿಲಿಗೆ ಒರಗಿ ನಿಂತಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಕೊನೆಗೆ ನಕ್ಕಳು. ತಾನು ಹುಟ್ಟಿ ಬೆಳೆದ ಮನೆಯ ಮೊಳೆಯ ಮೇಲೆ ಉತ್ತರ ನೇತಾಡುತ್ತಿತ್ತು.

ಇಲ್ಲಿ ಮನೆ, ದೋಣಿ ಎಲ್ಲ ಬರುವುದು ಹೆಣ್ಣಿನ ಕಡೆಯಿಂದ. ತಾಯಿಯಿಂದ ಮಗಳಿಗೆ ಇಳಿಯುವ ಆಸ್ತಿ. ಗಂಡಸು ದೋಣಿ ನಡೆಸುತ್ತಾನೆ, ಅದರ ಯಜಮಾನಿಕೆ ದಡದ ಮೇಲಿನ ತಾಯಿಯದ್ದು ಅಥವಾ ಅಕ್ಕನದ್ದು. ಹಾಗಾಗಿ ಹಿಂದಿನಿಂದಲೂ ದೋಣಿಯ ಹಣದ ಪೆಟ್ಟಿಗೆಗೆ ಎರಡು ಕೀಲಿ, ಒಂದು ದೋಣಿಯಲ್ಲಿ, ಒಂದು ಮನೆಯಲ್ಲಿ. ಹವಳ ಬಂದಾಗ ಕಾರ್ಡಿಗೂ ಅದೇ ಜೋಡಿ ಮಾಡಿಸಿದ್ದರು. ಹಳೆಯ ಪದ್ಧತಿಯಲ್ಲಿ ಅದರಿಂದ ಏನೂ ಕೆಡುಕಿರಲಿಲ್ಲ. ಒಂದೇ ಮುದ್ರೆಯನ್ನು ಇಬ್ಬರು ಒತ್ತಿದರೆ ಮುದ್ರೆ ಸವೆಯುವುದಿಲ್ಲವಲ್ಲ. ಹೊಸ ಕಾರ್ಡಿಗೆ ಜೋಡಿ ಇಲ್ಲ ಎಂದು ತಾರಿಣಿಯ ತಂಡ ಕರಪತ್ರ ಹಂಚಿತ್ತು. ಜೊತೆಗೆ, ಕಾರ್ಡು ನೀರಿಗೆ ಬಿದ್ದರೆ ಇರಲಿ ಎಂದು, ಗುಟ್ಟಿನ ಪದಗಳನ್ನು ಹೇಳಿ ಕಾರ್ಡಿಗೆ ಮರುಹುಟ್ಟು ಕೊಡಿಸುವ ಸೌಲಭ್ಯವನ್ನೂ ಇಟ್ಟಿತ್ತು. ಹೆಂಗಸರು ಕರಪತ್ರದಲ್ಲಿ ಮೀನು ಕಟ್ಟಿ, ಸೌಲಭ್ಯವನ್ನು ಮಾತ್ರ ಬಳಸಿಕೊಂಡಿದ್ದರು. ಮರುಹುಟ್ಟು ಪಡೆದ ಕಾರ್ಡು ಮೊದಲ ಎಲೆಯಿಂದಲೇ ಎಣಿಕೆ ಶುರುಮಾಡುತ್ತದೆ. ಕಡಲಲ್ಲಿ ದಾಮು ಮೊದಲ ಎಲೆ ಕಿತ್ತ, ಮನೆಯಲ್ಲಿ ಅಮ್ಮನೂ ಅದೇ ಎಲೆ ಕಿತ್ತಳು.

"ಅಮ್ಮ, ಈ ಜೋಡಿ ಬಿಡುಕಾತ್ತಾ?" ಉತ್ತರ ಗೊತ್ತಿದ್ದೂ ಕೇಳಿದಳು.

"ಮನೆ ಬಿಟ್ಟ್ ಹೋಪುಕ್ ಹೇಳ್, ಹೋತೆ," ಎಂದು ಪದ್ದಕ್ಕ ಮತ್ತೊಂದು ಬಂಗುಡೆಯ ತಲೆ ತೆಗೆದಳು.

ತಾರಿಣಿ ಕಂಟ್ರೋಲ್ ರೂಮಿಗೆ ಬರುವಷ್ಟರಲ್ಲಿ ದಾರಿ ಅವಳಿಗೆ ಕಂಡಿತ್ತು. ಏದುಸಿರಿನಲ್ಲೇ ಬೋರ್ಡಿನ ಮೇಲೆ ಒಂದು ಮರ ಬರೆದು, ಬುಡದಿಂದಲೇ ಎರಡು ದೊಡ್ಡ ಕೊಂಬೆ ಎಳೆದಳು.

"ಸರ್, ಜೋಡಿಯನ್ನು ಬಿಡಿಸುವುದು ಬೇಡ. ಮರವನ್ನೇ ಹಂಚೋಣ. ಎಡಗೊಂಬೆಯ ಎಲೆಗಳು ಮನೆಗೆ, ಬಲಗೊಂಬೆಯವು ದೋಣಿಗೆ. ಇಬ್ಬರೂ ತಂತಮ್ಮ ಕೊಂಬೆಯಲ್ಲೇ ಕಿತ್ತುಕೊಂಡರೆ ಒಂದೇ ಎಲೆಗೆ ಎರಡು ಕೈ ಬೀಳುವುದಿಲ್ಲ. ಈವರೆಗೆ ಬಳಕೆಯಾದ ಎಲೆಗಳೆಲ್ಲ ಎಡಗೊಂಬೆಯ ತುದಿಯಲ್ಲಿವೆ, ಅವು ಸತ್ತವೆಂದು ಸಾರಿಬಿಡೋಣ. ಬಂಕುಗಳಿಗೆ ಒಂದೇ ಸಾಲಿನ ಆಜ್ಞೆ ಹೋಗಲಿ, ಬಲಗೊಂಬೆಯ ಎಲೆ ತಂದವರಿಗೆ ಮಾತ್ರ ಪೈಪು ತೆರೆಯಬೇಕು ಅಂತ. ಕಳ್ಳರ ಹತ್ತಿರ ಬಲಗೊಂಬೆಯ ಒಂದು ಎಲೆಯೂ ಇಲ್ಲ."

ಕುಲಗೋಡ ಬೋರ್ಡನ್ನು ನೋಡಿದರು. ತಲೆಯಲ್ಲೇ ಲೆಕ್ಕ ಹಾಕಿದರು, ಎರಡು ಪ್ರಶ್ನೆ ಕೇಳಿದರು, ಎರಡಕ್ಕೂ ಉತ್ತರ ಬಂತು.

"ಭಾಳ ಚೊಲೋ ಐತ್ರಿ," ಎಂದರು. "ಆದ್ರ ದೋಣಿ ಒಳಗಿನ ಕಾರ್ಡು ಬಲಗೊಂಬಿಗೆ ಜಿಗೀಬೇಕಂದ್ರ ತಂಡೇಲ ತನ್ನ ಕೈಯಾರೆ ಒಪ್ಪಿಗಿ ಗುಂಡಿ ಒತ್ತಬೇಕು. ಒತ್ತತಾರೇನು?"

ಬಂಕುಗಳು ಆಜ್ಞೆಯನ್ನು ಕೂಡಲೇ ಒಪ್ಪಿದವು. ದೋಣಿಗಳಿಗೂ ಸಂದೇಶ ಹೋಯಿತು. ಒಬ್ಬ ತಂಡೇಲನೂ ಗುಂಡಿ ಒತ್ತಲಿಲ್ಲ.

ತಾರಿಣಿ ವಯರ್‌ಲೆಸ್ ಹಿಡಿದು ಜಲರಾಣಿಯನ್ನು ಕೂಗಿದಳು. ಗಾಳಿಯ ಗದ್ದಲದ ನಡುವೆ ದಾಮುವಿನ ದನಿ ಬಂತು.

"ಮೆಸೇಜ್ ಬಂದಿತ್ತ್. ನಾ ಒತ್ತುದಿಲ್ಲೆ. ಕಾರ್ಡ್ ಬದ್ಲ್ ಮಾಡ್ ಅಂದೇಳಿ ಕಳ್ಳರೇ ಕಳ್ಸಿರೆ?"

"ದಾಮು, ನಾ ತಾರಿಣಿ ಮಾತಾಡುದ್."

"ನೀ ತಾರಿಣಿ ಅಂತ ನಂಗೆ ಹ್ಯಾಂಗೆ ಗೊತ್ತ್?"

ಸಿಟ್ಟು ಬಂತು, ಆದರೆ ತಮ್ಮನ ಮಾತಿನಲ್ಲಿ ತಪ್ಪಿರಲಿಲ್ಲ. ಯಾರ ದನಿಯನ್ನಾದರೂ ಯಂತ್ರ ತಯಾರಿಸಿಕೊಡುವ ಕಾಲ. ಹಿಂದಿನ ವರ್ಷವಷ್ಟೇ ಒಬ್ಬ ತಂಡೇಲನಿಗೆ ಹೆಂಡತಿಯ ದನಿಯಲ್ಲೇ ಅತ್ತು ಕರೆದು ಕಾರ್ಡು ಬಿಚ್ಚಿಸಿದ್ದರು. ದನಿಯನ್ನು ನಂಬಬೇಡಿ ಎಂದು ಊರೂರಿಗೆ ಹೋಗಿ ಪಾಠ ಮಾಡಿದವಳೂ ತಾರಿಣಿಯೇ. ಪಾಠವನ್ನು ಎಲ್ಲರೂ ಚೆನ್ನಾಗಿಯೇ ಕಲಿತಿದ್ದರು.

"ಅಮ್ಮ ಹೇಳ್ಲಿ, ಒತ್ತುವ," ಎಂದ ದಾಮು. "ಅಮ್ಮ ಅಂತ ಗೊತ್ತಾಪು ಹಾಂಗೆ ಹೇಳ್ಲಿ."

ಊಟದ ಹೊತ್ತು ಕಳೆಯುವಷ್ಟರಲ್ಲಿ ಕಂಟ್ರೋಲ್ ರೂಮಿನ ಮೆಟ್ಟಿಲ ತುಂಬ ಹೆಂಗಸರು. ತಮ್ಮನನ್ನು, ಮಗನನ್ನು, ಅಣ್ಣನನ್ನು ಕಡಲಿಗೆ ಕಳಿಸಿದ್ದ ಅಕ್ಕತಂಗಿಯರು, ತಾಯಂದಿರು. ಕೈಯಲ್ಲಿ ನೀಲಿ ಕಾರ್ಡು, ಮೈಯಲ್ಲಿ ಮೀನಿನ ವಾಸನೆ. ಕುಲಗೋಡ ಮೂಗು ಮುಚ್ಚಿಕೊಳ್ಳದೆ ಎಲ್ಲರಿಗೂ ಕುರ್ಚಿ ಹಾಕಿಸಿದರು. ತಾರಿಣಿ ಒಂದೊಂದೇ ಕಾರ್ಡನ್ನು ಯಂತ್ರಕ್ಕೆ ಹಿಡಿದು ಎಡಗೊಂಬೆಗೆ ಕಟ್ಟಿದಳು. ಅದು ಸುಲಭದ ಕೆಲಸ. ಕಷ್ಟವಿದ್ದದ್ದು ವಯರ್‌ಲೆಸ್ ಮುಂದೆ.

ತಾನು ತಾನೇ ಎಂದು ತೋರಿಸಲು ಈ ಹೆಂಗಸರಲ್ಲಿ ಇದ್ದದ್ದು ಒಂದೇ, ಗುರ್ತು. ಕಡಲಿನಲ್ಲಿ ಮೀನು ಗುಂಪುಗೂಡುವ ನೀರಡಿಯ ಕಲ್ಲುಗಳು ಎಲ್ಲಿವೆ ಎಂಬುದು ಪ್ರತಿ ಮನೆಯ ಗುಟ್ಟು. ದೋಣಿಯಿಂದ ನೋಡಿದಾಗ ದಡದ ಯಾವ ಗುಡ್ಡ ಯಾವ ಮರದ ನೇರಕ್ಕೆ ಬರಬೇಕು, ಯಾವ ಬಂಡೆ ಯಾವುದಕ್ಕೆ ಮರೆಯಾಗಬೇಕು ಎಂಬ ಲೆಕ್ಕ. ಮನೆಯವರು ಅದನ್ನು ಜಿಪಿಎಸ್ಸಿಗೂ ಹಾಕುವುದಿಲ್ಲ, ಬರೆದೂ ಇಡುವುದಿಲ್ಲ. ಪದ್ದಕ್ಕ ತನ್ನ ಅಣ್ಣನಿಂದ ಪಡೆದ ಗುರ್ತನ್ನು ದಾಮುವಿಗೆ ಕೊಟ್ಟಿದ್ದಳು. ತಾರಿಣಿಗೆ ಎಂದೂ ಹೇಳಿರಲಿಲ್ಲ. ಕಂಪ್ಯೂಟರಿಗೆ ಹೋದವಳಿಗೆ ಹೇಳಿದರೆ ಕಂಪ್ಯೂಟರಿಗೆ ಹೇಳಿದಂತೆ ಎಂಬುದು ಅಮ್ಮನ ಲೆಕ್ಕ. ಈ ಮಾತು ತಾರಿಣಿಯ ಮನಸ್ಸಿನಲ್ಲಿ ಚುಚ್ಚಿಕೊಂಡೇ ಉಳಿದಿತ್ತು.

ವಯರ್‌ಲೆಸ್ಸಿನಲ್ಲಿ ಹೇಳಿದರೆ ಕರಾವಳಿಗೆಲ್ಲ ಕೇಳುತ್ತದೆ. ಒಮ್ಮೆ ಹೇಳಿದ ಗುರ್ತು ಮತ್ತೆ ಮನೆಯದ್ದಾಗಿ ಉಳಿಯುವುದಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಮುಂದೆ ಬರಲಿಲ್ಲ. ಕಿಟಕಿಯಾಚೆ ಕಡಲು ಬೂದಿ ಬಣ್ಣಕ್ಕೆ ತಿರುಗಿತ್ತು.

ಪದ್ದಕ್ಕ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೈಕಿನ ಮುಂದೆ ಕೂತಳು.

"ದಾಮು, ಅಮ್ಮ ಮಾತಾಡುದ್. ಕೇಣ್. ದೊಡ್ಡ ಕಲ್ಲಿಗೆ ಹೋಯ್ಕಾರೆ, ಕೊಡಚಾದ್ರಿ ನೆತ್ತಿ ಮಸೀದಿ ಮಿನಾರದ ಮೇಲ್ ಕೂರ್ಕ್. ಮತ್ತೆಂತ ಆಯ್ಕ್?"

ಅಲೆಯ ಸದ್ದಿನ ನಡುವೆ ದಾಮುವಿನ ದನಿ ಬಂತು.

"ದೀಪದ ಕಂಬ ಬಿಳಿ ಬಂಡೆ ಮರೆಗೆ ಹೋಯ್ಕ್... ಅಮ್ಮ, ಮಾವನ ಗುರ್ತ್ ಹೇಳ್ಬಿಟ್ಯಲ್ಲೆ."

"ಹೇಳ್ದೆ. ಗುಂಡಿ ಒತ್ತ್."

ಪರದೆಯ ಮೇಲೆ ಜಲರಾಣಿ ಬಲಗೊಂಬೆಗೆ ಜಿಗಿಯಿತು. ತಾರಿಣಿಗೆ ಕಣ್ಣು ತುಂಬಿ ಬಂತು, ಅದನ್ನು ಒರೆಸಿಕೊಳ್ಳುವ ಸಂಕೋಚವೂ ಇರಲಿಲ್ಲ. ನಲವತ್ತರ ವಯಸ್ಸಿನಲ್ಲಿ, ತನ್ನ ಮನೆಯ ಗುರ್ತನ್ನು ಅವಳು ಊರಿನವರೆಲ್ಲರ ಜೊತೆ ಮೊದಲ ಬಾರಿಗೆ ಕೇಳಿದ್ದಳು. ಪದ್ದಕ್ಕನ ಹಿಂದೆಯೇ ಇನ್ನೊಬ್ಬಳು ಎದ್ದಳು, ಅವಳ ಹಿಂದೆ ಮತ್ತೊಬ್ಬಳು. ಸಾಲು ಕಟ್ಟಿತು. ತೆಂಗಿನ ತೋಪು, ಗೋಪುರ, ಗುಡ್ಡದ ಬೋಳು ಬೆನ್ನು, ಹಳೆಯ ಹಂಚಿನ ಕಾರ್ಖಾನೆಯ ಚಿಮಣಿ, ತಲೆಮಾರುಗಳ ಗುಟ್ಟುಗಳೆಲ್ಲ ಒಂದೊಂದಾಗಿ ಗಾಳಿಗೆ ಹೋದವು. ಪ್ರತಿ ಸಲವೂ ಕಡಲಿನಿಂದ ಉಳಿದರ್ಧ ಬಂತು. ಪ್ರತಿ ಸಲವೂ ಒಂದು ದೋಣಿ ಜಿಗಿಯಿತು.

ಕುಲಗೋಡ ತಾರಿಣಿಯ ಕಿವಿಯ ಹತ್ತಿರ ಬಗ್ಗಿದರು. "ಒಂದು ಸಲ ಹೇಳಿದ್ರ ಮುಗೀತು, ಮತ್ತ ಉಪಯೋಗಕ್ಕ ಬರಂಗಿಲ್ಲ. ಇದೂ ನಿಮ್ಮ ಎಲಿನಽ ಅಲ್ಲೇನ್ರಿ?"

"ಹೌದು ಸರ್," ಎಂದಳು ತಾರಿಣಿ. "ಇವರು ನಮಗಿಂತ ಮೊದಲೇ ಈ ಪದ್ಧತಿ ಇಟ್ಟುಕೊಂಡಿದ್ದಾರೆ."

ಜಲರಾಣಿ ತನಗೆ ಹತ್ತಿರದ ಬಂಕು ತಲುಪಿದಾಗ ಸೂರ್ಯ ಮೋಡದೊಳಗೆ ಇಳಿಯುತ್ತಿದ್ದ. ಅಲ್ಲಿಯವರೆಗೆ ಹೆಂಗಸರು ಯಾರೂ ಮನೆಗೆ ಹೋಗಿರಲಿಲ್ಲ. ಎಲ್ಲರಿಗೂ ಹಸಿವಾಗಿದೆಯೆಂದು ಪದ್ದಕ್ಕ ಕೆಳಗಿನ ಕ್ಯಾಂಟೀನಿನಿಂದ ಬುಟ್ಟಿ ತುಂಬ ಬನ್ಸ್ ತರಿಸಿದಳು. ಕ್ಯಾಂಟೀನಿನ ಶೇಷಗಿರಿ ಹಣದ ಯಂತ್ರ ಚಾಚಿದ. ಪದ್ದಕ್ಕ ಕಾರ್ಡು ಇಟ್ಟಳು. ಸರಿಯಾಗಿ ಅದೇ ಹೊತ್ತಿಗೆ, ಅರವತ್ತು ಮೈಲಿ ಆಚೆ, ದಾಮು ಬಂಕಿನ ಮುಂದೆ ತನ್ನ ಕಾರ್ಡು ಇಟ್ಟ.

ತಾರಿಣಿ ಪರದೆ ನೋಡಿದಳು. ಎರಡು ಸಾಲು ಒಟ್ಟೊಟ್ಟಿಗೆ ಮೂಡಿದವು. ಜಲರಾಣಿ, ಮನೆ ಕೊಂಬೆ, ಬನ್ಸ್, ಸಹಿ ಸರಿಯಿದೆ. ಜಲರಾಣಿ, ದೋಣಿ ಕೊಂಬೆ, ಡೀಸೆಲ್, ಸಹಿ ಸರಿಯಿದೆ. ಬೆಳಿಗ್ಗೆ ಜಾಲವನ್ನೇ ಮುಳುಗಿಸಲು ಹೊರಟಿದ್ದ ಜೋಡಿ ಸಹಿ ಈಗ ಎರಡು ಕಡೆಯೂ ಸಲೀಸಾಗಿ ನಡೆದಿತ್ತು.

"ಈಗ ಒಂದೇ ಸಲಕ್ಕೆ ಆಯ್ತ್," ಎಂದು ಪದ್ದಕ್ಕ ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊದಲ ಬನ್ಸನ್ನು ಕುಲಗೋಡರ ಕೈಗಿಟ್ಟಳು. "ಇದ್ರಲ್ಲಿ ಮೀನಿಲ್ಲೆ, ತಿನ್ನಿ."

ಇನ್ನೊಂದು ಕಡೆ, ತೆಂಕಣ ಬಂಕಿನ ಬಳಿ, ಕಳ್ಳರ ಹಡಗು ಸತ್ತ ಎಲೆಗಳನ್ನು ಒಂದರ ಹಿಂದೆ ಒಂದು ಒತ್ತುತ್ತ, ಇಲ್ಲ ಎನಿಸಿಕೊಳ್ಳುತ್ತ ಅಲ್ಲೇ ನಿಂತಿತ್ತು. ಮೊಂಡುತನ ಬಿಟ್ಟು ಹೊರಟಿದ್ದರೆ ತಪ್ಪಿಸಿಕೊಳ್ಳುತ್ತಿದ್ದರೋ ಏನೋ. ಕೋಸ್ಟ್ ಗಾರ್ಡಿನವರು ಬಂದಾಗಲೂ ಅವರು ಗುಂಡಿ ಒತ್ತುತ್ತಲೇ ಇದ್ದರು.

ಚಂಡಮಾರುತ ಬಡಿಯುವ ಮೊದಲು ದೂರ ಹೋಗಿದ್ದ ದೋಣಿಗಳೆಲ್ಲ ಅಳಿವೆಯೊಳಗೆ ಬಂದವು. ಮುಂದಿನ ವಾರ ಕಡಲು ತಣ್ಣಗಾಯಿತು. ಬೇರೆ ಕರಾವಳಿಗಳ ಹಣಜಾಲದವರು ಹೊಸ ನಿಯಮ ಏನೆಂದು ಕೇಳಿ ಬರೆದರು. ಕುಲಗೋಡ ವರದಿಯಲ್ಲಿ ಮನೆ ಕೊಂಬೆ, ದೋಣಿ ಕೊಂಬೆ ಎಂಬ ಹೆಸರನ್ನೇ ಇಟ್ಟರು, ಅದನ್ನು ಬದಲಿಸಲು ಯಾರಿಗೂ ಬಿಡಲಿಲ್ಲ. ಹೊಸ ಕಾರ್ಡುಗಳು ಈಗ ಹುಟ್ಟುತ್ತಲೇ ಜೋಡಿಯಾಗಿ ಬರುತ್ತಿದ್ದವು.

ಅತ್ತ ದೊಡ್ಡ ಕಲ್ಲಿನ ಮೇಲೆ ಊರಿನ ಅರ್ಧ ದೋಣಿಗಳು ಮುಗಿಬಿದ್ದಿದ್ದವು. ಸಂಜೆ ಜಗುಲಿಯಲ್ಲಿ ಕೂತು ತಾರಿಣಿ ಅದನ್ನೇ ಹೇಳಿ ಪೇಚಾಡಿದಳು.

"ಮಾವನ ಗುರ್ತ್ ಹೋಯ್ತಲ್ಲ ಅಮ್ಮ."

"ಹೋಯ್ತ್. ಒಂದ್ ಹೋಯ್ತ್." ಪದ್ದಕ್ಕ ವೀಳ್ಯಕ್ಕೆ ಸುಣ್ಣ ಸವರಿದಳು. "ನನ್ನಣ್ಣ ಮೂವತ್ತ್ ವರ್ಷ ಕಡಲ್ ತಿರ್ಗಿ ಒಂದೇ ಕಲ್ಲ್ ಕಂಡದ್ದ್ ಅಂದ್ಕಂಡ್ಯಾ?"

ತಾರಿಣಿ ತಲೆ ಎತ್ತಿದಳು. ಪದ್ದಕ್ಕ ಬೀದಿಯ ಕಡೆ ಒಮ್ಮೆ ನೋಡಿದಳು, ಮಗಳ ಕೈಯಲ್ಲಿದ್ದ ಮೊಬೈಲನ್ನು ತೆಗೆದು ಒಳಗೆ ಅಕ್ಕಿ ಡಬ್ಬಿಯಲ್ಲಿಟ್ಟು ಬಂದಳು. ಆಮೇಲೆ ಪಕ್ಕದಲ್ಲಿ ಕೂತು ಅವಳ ಕಿವಿಗೆ ಬಾಯಿಟ್ಟಳು.

"ಇದ್ ಮನೆ ಬದಿದ್. ಉಳ್ದರ್ಧ ದಾಮು ಹತ್ರ ಇತ್ತ್. ಕೇಣ್."

ತಾರಿಣಿ ಕೇಳಿದಳು. ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡಳು. ಎಲ್ಲಿಯೂ ಬರೆದಿಡಲಿಲ್ಲ.